ನಿರೂಪಕ ಬದಲಾದಾಗ: ‘ಹೋಮ್’ ಚಿತ್ರ ಮತ್ತು ಒಕ್ಕಲೆದ್ದವರ ಚರಿತ್ರೆ

೧

ಮಹಾಕೃತಿಗಳಲ್ಲಿ ಅಡಗಿರುವ ಯಜಮಾನಿಕೆಯನ್ನು ಬಗೆದು ತೋರಿಸುವುದನ್ನು ನಮ್ಮ ವಿಮರ್ಶೆ ಚೆನ್ನಾಗಿಯೇ ಕಲಿತಿದೆ. ಆದರೆ ಸಾಧಾರಣ ಕೃತಿಗಳು ಎದುರಾದಾಗ ‘ಅಯ್ಯೋ, ಅದೇನು ಬಿಡಿ’ ಅಂತ ದಾಟಿಹೋಗುತ್ತೇವೆ. ಮಹಾಕೃತಿ ತನ್ನ ಸಮಾಜದ ಜೊತೆ ಎಲ್ಲೋ ಒಂದು ಕಡೆ ಜಗಳಕ್ಕೆ ನಿಂತಿರುತ್ತದೆ. ಸಾಧಾರಣ ಕೃತಿಗೆ ಅಂಥ ಉಸಾಬರಿ ಇರುವುದಿಲ್ಲ. ಎಲ್ಲರೂ ಒಪ್ಪಿರುವುದನ್ನೇ ಒಪ್ಪಿಕೊಂಡು, ಎಲ್ಲರನ್ನೂ ನಗಿಸಿ, ಟಿಕೆಟ್ಟಿನ ದುಡ್ಡು ಎಣಿಸಿಕೊಂಡು ಅದು ಹೊರಟುಬಿಡುತ್ತದೆ. ಆದ್ದರಿಂದ ಒಂದು ಸಮಾಜ ತನ್ನ ಚರಿತ್ರೆಯಲ್ಲಿ ಯಾವುದನ್ನು ಮರೆಯಲು ಬಯಸಿದೆ ಎಂದು ತಿಳಿಯಬೇಕಾದರೆ ಇಂಥ ಕೃತಿಗಳ ಹತ್ತಿರವೇ ಹೋಗಬೇಕು. ಮನೆಮಂದಿಯೆಲ್ಲ ಮಕ್ಕಳನ್ನು ಕೂರಿಸಿಕೊಂಡು ನೋಡುವ ಸಿನಿಮಾಗಳ ಹತ್ತಿರವಂತೂ ಹೋಗಲೇಬೇಕು.

‘ಹೋಮ್’ ಅಂಥದೊಂದು ಆನಿಮೇಶನ್ ಚಿತ್ರ. ಡ್ರೀಮ್‌ವರ್ಕ್ಸ್ ಸಂಸ್ಥೆ ತಯಾರಿಸಿ ಟಿಮ್ ಜಾನ್ಸನ್ ನಿರ್ದೇಶಿಸಿದ ಇದು ೨೦೧೫ರ ಮಾರ್ಚ್ ೨೭ರಂದು ಅಮೆರಿಕದಲ್ಲಿ ತೆರೆಕಂಡಿತು. ಬೂವ್ ಎಂಬ ಅನ್ಯಗ್ರಹದ ಜೀವಿಗಳು ಗಾರ್ಗ್ ಎಂಬ ಶತ್ರುವಿಗೆ ಹೆದರಿ ಗ್ರಹದಿಂದ ಗ್ರಹಕ್ಕೆ ಓಡುತ್ತಾ ಭೂಮಿಗೆ ಬಂದಿಳಿಯುತ್ತಾರೆ. ಇಳಿದವರೇ ಮನುಷ್ಯರನ್ನೆಲ್ಲ ಕಸ ಹೀರುವ ಯಂತ್ರದ ಹಾಗೆ ಕೊಳವೆಗಳಲ್ಲಿ ಹೀರಿಕೊಂಡು ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಾರೆ. ಅಲ್ಲಿ ಅವರಿಗೆಂದೇ ಒಂದೇ ಅಚ್ಚಿನ ಮನೆಗಳ ಊರು ಕಟ್ಟಲಾಗಿದೆ. ಅದರ ಹೆಸರು ‘ಹ್ಯಾಪಿ ಹ್ಯೂಮನ್ಸ್‌ಟೌನ್’, ಅಂದರೆ ಸಂತೋಷದ ಮನುಷ್ಯರ ಊರು. ಮನುಷ್ಯರ ಸಾಮಾನುಗಳಲ್ಲಿ ತಮಗೆ ಬೇಡವೆನಿಸಿದ್ದನ್ನು ಬೂವ್‌ಗಳು ದೊಡ್ಡ ದೊಡ್ಡ ಉಂಡೆ ಕಟ್ಟಿ ಆಕಾಶದಲ್ಲಿ ತೇಲಿಬಿಡುತ್ತಾರೆ. ಇದರಿಂದ ತಪ್ಪಿಸಿಕೊಂಡು ನ್ಯೂಯಾರ್ಕ್‌ನಲ್ಲಿ ಉಳಿದ ಟಿಪ್ ಎಂಬ ಕಪ್ಪು ಹುಡುಗಿ ತಾಯಿಯನ್ನು ಹುಡುಕಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಅವಳಿಗೆ ಜೊತೆಯಾಗುವವನು ಓಹ್ ಎಂಬ ಬೂವ್. ತನ್ನವರಿಂದಲೇ ತಿರಸ್ಕೃತನಾದ ಪೆದ್ದ ಅವನು. ಇಬ್ಬರೂ ಸ್ನೇಹಿತರಾಗುತ್ತಾರೆ, ತಾಯಿ ಸಿಗುತ್ತಾಳೆ, ಮನುಷ್ಯರು ಮನೆಗೆ ಮರಳುತ್ತಾರೆ. ಕೊನೆಗೆ ಪಾರ್ಟಿ.

ವಿಮರ್ಶಕರು ಈ ಚಿತ್ರದ ಬಗ್ಗೆ ಎರಡು ಪಾಲಾದರು. ಪ್ರೇಕ್ಷಕರೇನೂ ಕೈಬಿಡಲಿಲ್ಲ, ಲೋಕದಾದ್ಯಂತ ಸುಮಾರು ೩೮ ಕೋಟಿ ಡಾಲರ್ ಗಳಿಕೆಯಾಯಿತು. ನಮ್ಮ ಪದವಿ ತರಗತಿಯಲ್ಲಿ ಇದನ್ನು ತೋರಿಸಿದಾಗ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಓಹ್‌ನ ತೊದಲು ಇಂಗ್ಲಿಷು ನಗು ತರಿಸುವಂಥದ್ದೇ. ಹಾಗಾಗಿ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಒಂದು ಇಡೀ ಕುಲವನ್ನು ಒಕ್ಕಲೆಬ್ಬಿಸುವ ಕಥೆ ಮನೆಮಂದಿ ಕೂತು ನಗುವ ಕಥೆಯಾದದ್ದು ಹೇಗೆ? ಇದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ನಮ್ಮ ವಿಮರ್ಶೆಗೆ ಹಳೆಯದೇ: ಕಥೆ ಹೇಳುತ್ತಿರುವವರು ಯಾರು?

೨

ಅನ್ಯಗ್ರಹದವರು ದಾಳಿಯಿಡುವ ಕಥೆಗಳಿಗೆಲ್ಲ ಮೂಲಪುರುಷ ಎಚ್. ಜಿ. ವೆಲ್ಸ್. ಅವನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ೧೮೯೭ರಲ್ಲಿ ಧಾರಾವಾಹಿಯಾಗಿ ಬಂದು ೧೮೯೮ರಲ್ಲಿ ಪುಸ್ತಕವಾಯಿತು. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ಎರಗುತ್ತಾರೆ, ಜಗತ್ತನ್ನೇ ಆಳುತ್ತಿದ್ದ ಇಂಗ್ಲಿಷರು ಇಲಿಗಳ ಹಾಗೆ ಓಡುತ್ತಾರೆ. ಈ ಕಥೆ ಹುಟ್ಟಿದ್ದು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಆದ ಗತಿಯ ಬಗ್ಗೆ ಅಣ್ಣ ಫ್ರಾಂಕ್ ಆಡಿದ ಮಾತಿನಿಂದ ಎಂದು ವೆಲ್ಸನೇ ಹೇಳಿಕೊಂಡಿದ್ದಾನೆ. ಪುಸ್ತಕದ ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಹೆಸರು ಬರುತ್ತದೆ. ನಾವು ಅವರಿಗೆ ಮಾಡಿದ್ದನ್ನೇ ನಮಗೆ ಇನ್ನೊಬ್ಬರು ಮಾಡಿದರೆ ದೂರಲು ಬಾಯಿ ಎಲ್ಲಿದೆ ಎಂಬುದು ಅವನ ವಾದ. ಅಂದರೆ ಈ ಪ್ರಕಾರ ಹುಟ್ಟುವಾಗಲೇ ವಸಾಹತುಶಾಹಿಯ ಮುಖಕ್ಕೆ ಹಿಡಿದ ಕನ್ನಡಿಯಾಗಿತ್ತು.

ಟಾಸ್ಮೇನಿಯಾದಲ್ಲಿ ಆದದ್ದೇನು? ೧೮೦೩ರಲ್ಲಿ ಅಲ್ಲಿ ಬ್ರಿಟಿಷರ ನೆಲೆ ಶುರುವಾಯಿತು. ಕುರಿಗಾವಲಿಗೆ ನೆಲ ಬೇಕಾಯಿತು, ನೆಲದವರು ಎದುರು ನಿಂತರು. ೧೮೨೦ರ ದಶಕದ ನಡುವಿನಿಂದ ನಡೆದ ಹತ್ಯಾಕಾಂಡವನ್ನು ‘ಕಪ್ಪು ಯುದ್ಧ’ ಅಂತ ಕರೆದರು. ೧೮೩೦ರಲ್ಲಿ ಸುಮಾರು ೨,೨೦೦ ಸೈನಿಕರು ಮತ್ತು ವಲಸಿಗರನ್ನು ಸಾಲಾಗಿ ನಿಲ್ಲಿಸಿ, ಕಾಡಿನಲ್ಲಿ ಬೇಟೆ ಎಬ್ಬಿಸುವಂತೆ ಮೂಲನಿವಾಸಿಗಳನ್ನು ಅಟ್ಟಿಕೊಂಡು ಹೋದರು. ಅಷ್ಟು ದೊಡ್ಡ ಸಾಲಿಗೆ ಸೆರೆಸಿಕ್ಕವರು ಇಬ್ಬರು.

ಬಂದೂಕಿನಿಂದ ಆಗದ ಕೆಲಸವನ್ನು ಮುಂದೆ ನಯದ ಮಾತು ಮಾಡಿತು. ಜಾರ್ಜ್ ಅಗಸ್ಟಸ್ ರಾಬಿನ್ಸನ್ ಎಂಬವನು ಸರಕಾರದ ಪರವಾಗಿ ಬುಡಕಟ್ಟುಗಳ ಬಳಿ ಹೋಗಿ, ರಕ್ಷಣೆ ಕೊಡುತ್ತೇವೆ ಅಂತ ಭರವಸೆ ಹೇಳಿ, ಒಬ್ಬೊಬ್ಬರನ್ನಾಗಿ ಹೊರಡಿಸಿಕೊಂಡು ಬಂದ. ೧೮೩೦ರಿಂದ ೧೮೩೪ರವರೆಗೆ ನಡೆದ ಈ ಕೆಲಸಕ್ಕೆ ಚರಿತ್ರೆಯಲ್ಲಿ ಇರುವ ಹೆಸರು ‘ಸ್ನೇಹದ ಯಾತ್ರೆ’. ಹೀಗೆ ಬಂದವರನ್ನು ಫ್ಲಿಂಡರ್ಸ್ ದ್ವೀಪದಲ್ಲಿ ವೈಬಲೆನ್ನಾ ಎಂಬಲ್ಲಿ ಇರಿಸಿದರು. ವೈಬಲೆನ್ನಾ ಅಂದರೆ ಕಪ್ಪು ಜನರ ಮನೆಗಳು. ಅವರಿಗೆ ಹೊಸ ಹೆಸರು ಕೊಟ್ಟರು, ಬಟ್ಟೆ ಕೊಟ್ಟರು, ಬೈಬಲ್ಲಿನ ಪಾಠ ಹೇಳಿದರು. ಅಲ್ಲಿಗೆ ಹೋದ ಇನ್ನೂರರಷ್ಟು ಜನರಲ್ಲಿ ೧೮೪೭ರಲ್ಲಿ ಉಳಿದಿದ್ದವರು ೪೭ ಮಂದಿ.

‘ಹೋಮ್’ನ ಬೂವ್‌ಗಳು ತಮ್ಮದು ಸ್ನೇಹದ ದಾಳಿ ಎಂದೇ ನಂಬಿದ್ದಾರೆ. ಒಳ್ಳೆಯ ಮನೆ ಕಟ್ಟಿಕೊಟ್ಟಿದ್ದೇವೆ, ತಿನ್ನಲು ಕೊಟ್ಟಿದ್ದೇವೆ, ಇವರಿಗೇಕೆ ಕೊರಗು ಅಂತ ಅವರಿಗೆ ಅರ್ಥವೇ ಆಗುವುದಿಲ್ಲ. ಸಿನಿಮಾ ಮಾಡಿದವರ ಕಣ್ಣ ಮುಂದೆ ವೈಬಲೆನ್ನಾ ಇತ್ತು ಅಂತ ನಾನು ವಾದಿಸುತ್ತಿಲ್ಲ. ಸ್ಥಳಾಂತರ ಎಂಬ ಕೃತ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಥೆ ಎಲ್ಲ ಕಾಲದಲ್ಲೂ ಇಷ್ಟೇ. ಅದು ಯಾವಾಗಲೂ ಸ್ನೇಹದ ಹೆಸರಿನಲ್ಲೇ ಬರುತ್ತದೆ.

ವೆಲ್ಸನ ಕನ್ನಡಿಗೂ ಒಂದು ಬಿರುಕಿದೆ. ಟಾಸ್ಮೇನಿಯಾದವರು ಪೂರ್ತಿ ಅಳಿದುಹೋದರು ಎಂದು ಅವನು ನಂಬಿದ್ದ. ಅವನ ಕಾಲದ ಓದುಬರಹದವರೆಲ್ಲ ಹಾಗೇ ನಂಬಿದ್ದರು. ೧೮೭೬ರಲ್ಲಿ ಸತ್ತ ಟ್ರುಗನಿನಿ ಎಂಬ ಹೆಂಗಸನ್ನು ‘ಕೊನೆಯವಳು’ ಅಂತ ಘೋಷಿಸಿ, ಆಕೆಯ ಅಸ್ಥಿಪಂಜರವನ್ನು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ೧೯೪೭ರವರೆಗೆ ಜನ ಅದನ್ನು ನೋಡಿಕೊಂಡು ಹೋದರು. ಆಕೆಗೆ ಅಂತ್ಯಸಂಸ್ಕಾರ ಆದದ್ದು ೧೯೭೬ರಲ್ಲಿ, ಸತ್ತು ನೂರು ವರ್ಷದ ಮೇಲೆ. ಟಾಸ್ಮೇನಿಯಾದ ಮೂಲನಿವಾಸಿಗಳು ಮಾತ್ರ ಇಂದಿಗೂ ಇದ್ದಾರೆ, ತಾವು ಇದ್ದೇವೆ ಅಂತ ಹೇಳುತ್ತಲೂ ಇದ್ದಾರೆ. ಅನುಕಂಪದಿಂದ ಬರೆದವನು ಕೂಡ ಬದುಕಿರುವವರನ್ನು ಸತ್ತವರ ಪಟ್ಟಿಗೆ ಸೇರಿಸಿಬಿಟ್ಟ. ಅನುಕಂಪದ ಸಾಹಿತ್ಯಕ್ಕೆ ಈ ಚಾಳಿ ಇದ್ದೇ ಇದೆ.

ಅವರು ಮಾತಾಡಲಿಲ್ಲವೇ? ಮಾತಾಡಿದರು, ಬರೆದೂ ಕಳಿಸಿದರು. ವೈಬಲೆನ್ನಾದಲ್ಲಿದ್ದ ವಾಲ್ಟರ್ ಜಾರ್ಜ್ ಆರ್ಥರ್ ಮೊದಲಾದವರು ೧೮೪೬ರಲ್ಲಿ ವಿಕ್ಟೋರಿಯಾ ರಾಣಿಗೆ ಒಂದು ಅರ್ಜಿ ಬರೆದರು. ನಾವು ಸೆರೆಯಾಳುಗಳಲ್ಲ, ಒಪ್ಪಂದ ಮಾಡಿಕೊಂಡು ಬಂದ ಸ್ವತಂತ್ರ ಜನ, ನಮ್ಮನ್ನು ಗೋಳುಹೊಯ್ದುಕೊಂಡ ಅಧಿಕಾರಿಯನ್ನು ಮತ್ತೆ ಇಲ್ಲಿಗೆ ಕಳಿಸಬೇಡಿ ಎಂಬುದು ಅದರ ಸಾರ. ವೆಲ್ಸನ ಪುಸ್ತಕಕ್ಕೆ ಐವತ್ತು ವರ್ಷ ಮೊದಲೇ ‘ದಾಳಿಗೊಳಗಾದವರ ನಿರೂಪಣೆ’ ಎಂಬುದು ಹೀಗೆ ಅವರ ಕೈಯಲ್ಲೇ ಶುರುವಾಗಿತ್ತು. ಕಾದಂಬರಿಯಲ್ಲಿ ಆ ಜಾಗಕ್ಕೆ ಒಬ್ಬ ಇಂಗ್ಲಿಷ್ ಗೃಹಸ್ಥ ಬಂದು ಕೂತ.

೩

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆ ಅಮೆರಿಕಕ್ಕೆ ದಾಟಿತು. ೧೯೩೮ರ ಅಕ್ಟೋಬರ್ ೩೦ರ ಆರ್ಸನ್ ವೆಲ್ಸ್‌ನ ರೇಡಿಯೋ ನಾಟಕದಲ್ಲಿ ಮಂಗಳದವರು ಇಳಿದದ್ದು ನ್ಯೂಜೆರ್ಸಿಯಲ್ಲಿ, ೧೯೫೩ರ ಸಿನಿಮಾದಲ್ಲಿ ಕ್ಯಾಲಿಫೋರ್ನಿಯಾದಲ್ಲಿ. ಟಾಸ್ಮೇನಿಯಾದ ನೆನಪು ದಾರಿಯಲ್ಲೇ ಉದುರಿಹೋಯಿತು. ೧೯೯೬ರಲ್ಲಿ ಒಂದೇ ವರ್ಷ ‘ಇಂಡಿಪೆಂಡೆನ್ಸ್ ಡೇ’ ಮತ್ತು ‘ಮಾರ್ಸ್ ಅಟ್ಯಾಕ್ಸ್!’ ಬಂದವು. ಮೊದಲನೆಯದರಲ್ಲಿ ಅಮೆರಿಕ ಲೋಕವನ್ನು ಕಾಪಾಡಿತು, ಎರಡನೆಯದರಲ್ಲಿ ತನ್ನನ್ನು ತಾನೇ ಗೇಲಿ ಮಾಡಿಕೊಂಡಿತು. ೨೦೦೯ರ ‘ಏಲಿಯನ್ಸ್ ಇನ್ ದಿ ಆಟಿಕ್’ ಹೊತ್ತಿಗೆ ಅನ್ಯಗ್ರಹದವರು ಮಕ್ಕಳು ಅಟ್ಟದ ಮೇಲೆ ಆಟವಾಡಿಸಿ ಓಡಿಸುವ ಕುಳ್ಳರಾಗಿದ್ದರು. ನೆಲ ಕಸಿದ ಪಾಪಪ್ರಜ್ಞೆಯಿಂದ ಹುಟ್ಟಿದ ಪ್ರಕಾರ, ನೆಲ ಕಸಿದವರಿಗೇ ಸಮಾಧಾನ ಹೇಳುವ ಪ್ರಕಾರವಾಗಿ ಬದಲಾಯಿತು.

ಇದರ ನಡುವೆ ಒಂದು ಅಪವಾದವಿದೆ. ಆಡಂ ರೆಕ್ಸ್ ೨೦೦೭ರಲ್ಲಿ ಬರೆದ ‘ದಿ ಟ್ರೂ ಮೀನಿಂಗ್ ಆಫ್ ಸ್ಮೆಕ್‌ಡೇ’ ಎಂಬ ಮಕ್ಕಳ ಕಾದಂಬರಿ. ‘ಹೋಮ್’ ಚಿತ್ರಕ್ಕೆ ಆಧಾರ ಇದೇ. ಈ ಪುಸ್ತಕದ ನಿರೂಪಕಿ ಟಿಪ್. ದಾಳಿಯ ಚರಿತ್ರೆಯನ್ನು ಮುಂದಿನ ತಲೆಮಾರಿಗಾಗಿ ದಾಖಲಿಸುವ ಶಾಲಾ ಪ್ರಬಂಧವಾಗಿ ಅವಳು ಅದನ್ನು ಬರೆಯುತ್ತಾಳೆ. ಅಂದರೆ ಒಕ್ಕಲೆದ್ದ ಹುಡುಗಿಯೇ ಇಲ್ಲಿ ಚರಿತ್ರಕಾರ್ತಿ. ಪುಸ್ತಕದಲ್ಲಿ ಬೂವ್‌ಗಳು ಭೂಮಿಗೆ ತಮ್ಮ ನಾಯಕನ ಹೆಸರಿಡುತ್ತಾರೆ. ಮನುಷ್ಯರಿಗೆ ದೊಡ್ಡ ಮನಸ್ಸು ಮಾಡಿ, ಇನ್ನೆಂದೂ ಕಿತ್ತುಕೊಳ್ಳುವುದಿಲ್ಲ ಅಂತ ಹೇಳಿ ‘ಮೀಸಲು ನೆಲ’ ದಾನ ಕೊಡುತ್ತಾರೆ. ಅಮೆರಿಕದವರಿಗೆ ಮೊದಲು ಸಿಕ್ಕಿದ್ದು ಫ್ಲಾರಿಡಾ. ಆಮೇಲೆ ಬೂವ್‌ಗಳಿಗೆ ಕಿತ್ತಳೆ ಹಣ್ಣಿನ ರುಚಿ ಹತ್ತಿ ಫ್ಲಾರಿಡಾ ತಮಗೇ ಬೇಕಾಗುತ್ತದೆ. ‘ಅರಿಜೋನಾಕ್ಕೆ ನಡೆಯಿರಿ’ ಅಂತಾರೆ.

ಈ ಹಾಸ್ಯದ ಒಡಲಲ್ಲಿ ಏನಿದೆ ಎಂಬುದು ಅಮೆರಿಕದ ಚರಿತ್ರೆ ಓದಿದವರಿಗೆ ಹೇಳಬೇಕಾಗಿಲ್ಲ. ೧೮೩೦ರ ಮೇ ೨೮ರಂದು ಅಧ್ಯಕ್ಷ ಆಂಡ್ರೂ ಜಾಕ್ಸನ್ ‘ಇಂಡಿಯನ್ ರಿಮೂವಲ್ ಆಕ್ಟ್’ಗೆ ಸಹಿ ಹಾಕಿದ. ಚೆರೋಕೀ ಜನ ಆಗಲೇ ತಮ್ಮ ನುಡಿಗೆ ಸಿಕ್ವೋಯಾ ಕಟ್ಟಿಕೊಟ್ಟ ಲಿಪಿ ಕಲಿತು, ೧೮೨೮ರಿಂದ ತಮ್ಮದೇ ಪತ್ರಿಕೆ ನಡೆಸುತ್ತಿದ್ದರು. ೧೮೩೨ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ ೧೮೩೫ರಲ್ಲಿ, ಜನರ ಒಪ್ಪಿಗೆಯಿಲ್ಲದ ಒಂದು ಸಣ್ಣ ಗುಂಪಿನಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಅದರ ವಿರುದ್ಧ ಹದಿನೈದು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದ ಅರ್ಜಿ ಹೋಯಿತು. ಸೆನೆಟ್ಟು ಬೇಕಾದದ್ದಕ್ಕಿಂತ ಒಂದೇ ಒಂದು ಹೆಚ್ಚಿನ ಮತದಿಂದ ಒಪ್ಪಂದವನ್ನು ಅಂಗೀಕರಿಸಿತು. ೧೮೩೮-೩೯ರಲ್ಲಿ ಬಂದೂಕಿನ ಮುಂದೆ ಸುಮಾರು ೧೬,೦೦೦ ಜನ ಪಶ್ಚಿಮಕ್ಕೆ ಹೊರಟರು. ಸತ್ತವರು ಸುಮಾರು ೪,೦೦೦ ಎಂದು ಅಂದಾಜು.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರ ಬೇಕು. ‘ರಿಸರ್ವೇಶನ್’ ಅಂದರೆ ನಮ್ಮಲ್ಲಿ ಹೋರಾಡಿ ಪಡೆದ ಹಕ್ಕು. ಅಲ್ಲಿ ಅದು ಇಡೀ ನೆಲ ಕಿತ್ತುಕೊಂಡು ಉಳಿಸಿಕೊಟ್ಟ ತುಂಡಿನ ಹೆಸರು. ಬೂವ್‌ಗಳು ಕೊಡುವುದು ಈ ಎರಡನೆಯದನ್ನು.

ಒಪ್ಪಂದ, ದಾನ, ಘೋಷಣೆ ಇವೆಲ್ಲ ಹಾಸ್ಯವಾಗಿ ಕಾಣುವುದು ಹೊಸದೇನಲ್ಲ. ೧೫೧೩ರಲ್ಲಿ ಸ್ಪೇನಿನವರು ‘ರೆಕೆರಿಮಿಯೆಂತೊ’ ಎಂಬ ಒಂದು ಘೋಷಣಾಪತ್ರ ಮಾಡಿಕೊಂಡಿದ್ದರು. ದಾಳಿಗೆ ಮುಂಚೆ ಅದನ್ನು ಮೂಲನಿವಾಸಿಗಳ ಮುಂದೆ ಸ್ಪ್ಯಾನಿಷ್ ಭಾಷೆಯಲ್ಲಿ ಓದುವುದು, ಅವರು ಶರಣಾಗದಿದ್ದರೆ ಮುಂದಿನ ಸಾವುನೋವಿಗೆಲ್ಲ ಅವರೇ ಹೊಣೆ ಅನ್ನುವುದು. ಕೇಳುವವರಿಗೆ ಆ ಭಾಷೆಯೇ ಬರುತ್ತಿರಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಹೋದವನು ಸ್ಪೇನಿನ ಪಾದ್ರಿ ಲಾಸ್ ಕಸಾಸ್. ರೆಕ್ಸನ ಹಾಸ್ಯ ನಿಂತಿರುವುದು ಆ ಜಾಗದಲ್ಲಿ.

ರೆಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಟಿಪ್ ಹೋಗುವ ದಾರಿಯಲ್ಲಿ ಒಬ್ಬ ಅಮೆರಿಕನ್ ಇಂಡಿಯನ್ ಮುದುಕನನ್ನು ತಂದು ನಿಲ್ಲಿಸುತ್ತಾನೆ. ಗುಜರಿ ಸಾಮಾನಿನ ನಡುವೆ ಬದುಕುವ, ಜನ ಹುಚ್ಚನೆಂದು ತಿಳಿದ ಮನುಷ್ಯ ಅವನು. ಎಲ್ಲರಿಗೂ ಈ ಒಕ್ಕಲೆಬ್ಬಿಸುವಿಕೆ ಆಕಾಶದಿಂದ ಬಿದ್ದ ಹೊಸ ಸಂಗತಿ. ಅವನಿಗೆ ಮಾತ್ರ ಅದು ಮನೆಯ ಹಳೆಯ ಕಥೆ. ಈ ಪಾತ್ರವನ್ನೂ ಬಿಳಿಯ ಲೇಖಕನೇ ಸೃಷ್ಟಿಸಿದ್ದು, ಅದರ ಮಿತಿಗಳು ಇದ್ದೇ ಇವೆ. ಆದರೂ ಚರಿತ್ರೆಯ ಸಾಕ್ಷಿಯೊಬ್ಬ ಕಥೆಯೊಳಗೆ ಇದ್ದಾನೆ ಎಂಬುದು ಸಣ್ಣ ಮಾತಲ್ಲ.

೪

ಈಗ ಸಿನಿಮಾಕ್ಕೆ ಬರೋಣ. ಪುಸ್ತಕದಿಂದ ತೆರೆಗೆ ಬರುವಷ್ಟರಲ್ಲಿ ಆ ಮುದುಕ ಮಾಯವಾಗಿದ್ದಾನೆ. ‘ಇನ್ನೆಂದೂ ಕಿತ್ತುಕೊಳ್ಳುವುದಿಲ್ಲ’ ಎಂದು ಕೊಟ್ಟು ಕಿತ್ತುಕೊಳ್ಳುವ ನೆಲದ ಪ್ರಸಂಗವಿಲ್ಲ. ಫ್ಲಾರಿಡಾ, ಅರಿಜೋನಾ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಟಿಪ್ ಕೈಯಲ್ಲಿದ್ದ ಲೇಖನಿ ಓಹ್ ಕೈಗೆ ಹೋಗಿದೆ. ಚಿತ್ರ ಆರಂಭವಾಗುವುದೇ ಓಹ್‌ನ ದನಿಯಲ್ಲಿ. ನಾವು ಭೂಮಿಯನ್ನು ಮೊದಲು ನೋಡುವುದು ಹೊಸ ಮನೆಗೆ ಬಂದಿಳಿದ ಆಕ್ರಮಣಕಾರನ ಖುಷಿಯ ಕಣ್ಣಿನಿಂದ. ಟಿಪ್ ತೆರೆಗೆ ಬರುವ ಹೊತ್ತಿಗೆ ನಮ್ಮ ಮನಸ್ಸನ್ನು ಅವನು ಗೆದ್ದಾಗಿರುತ್ತದೆ.

ನಿರೂಪಕ ಬದಲಾದರೆ ಅಪರಾಧದ ಸ್ವರೂಪವೂ ಬದಲಾಗುತ್ತದೆ. ಟಿಪ್ ಹೇಳುವಾಗ ಅದು ಕಸಿದುಕೊಂಡ ಕಥೆ. ಓಹ್ ಹೇಳುವಾಗ ಅದು ತಿಳಿಯದೆ ಮಾಡಿದ ತಪ್ಪಿನ ಕಥೆ. ಮನುಷ್ಯರು ಸಂತೋಷವಾಗಿದ್ದಾರೆ ಅಂತ ಪಾಪ ಅವನು ನಂಬಿದ್ದ, ಆಮೇಲೆ ಟಿಪ್ ಅವನಿಗೆ ತಿಳಿಸಿಹೇಳಿದಳು, ಅವನು ಒಳ್ಳೆಯವನಾದ. ಹೀಗೆ ಒಕ್ಕಲೆದ್ದವಳ ಪಾಲಿಗೆ ಎರಡು ಕೆಲಸ ಬಂತು. ತನ್ನ ತಾಯಿಯನ್ನು ತಾನೇ ಹುಡುಕಿಕೊಳ್ಳಬೇಕು, ಜೊತೆಗೆ ಒಕ್ಕಲೆಬ್ಬಿಸಿದವನಿಗೆ ಸಂಸ್ಕಾರವನ್ನೂ ಕಲಿಸಬೇಕು.

ಇನ್ನು ಆಸ್ಟ್ರೇಲಿಯಾ. ಲೋಕದ ಮನುಷ್ಯರನ್ನೆಲ್ಲ ತುಂಬಲು ಸಿನಿಮಾಕ್ಕೆ ಒಂದು ಖಾಲಿ ಜಾಗ ಬೇಕಿತ್ತು. ಅದು ನೇರವಾಗಿ ಆಸ್ಟ್ರೇಲಿಯಾಕ್ಕೆ ಹೋಯಿತು. ಆಸ್ಟ್ರೇಲಿಯಾ ಖಾಲಿ ಎಂಬ ಕಲ್ಪನೆಗೆ ಒಂದು ಕಾನೂನಿನ ಹೆಸರಿದೆ: ‘ಟೆರ್ರಾ ನುಲ್ಲಿಯಸ್’, ಯಾರದೂ ಅಲ್ಲದ ನೆಲ. ೧೭೮೮ರಿಂದ ಬ್ರಿಟಿಷರು ಆ ನೆಲವನ್ನು ಹಿಡಿದದ್ದು ಈ ಹೆಸರಿನ ಮೇಲೆ. ಅದು ಸುಳ್ಳು ಎಂದು ಅಲ್ಲಿನ ಹೈಕೋರ್ಟು ಒಪ್ಪಿದ್ದು ೧೯೯೨ರ ಜೂನ್ ೩ರಂದು, ಮಾಬೋ ಪ್ರಕರಣದಲ್ಲಿ. ಹತ್ತು ವರ್ಷ ಕೇಸು ನಡೆಸಿದ ಎಡ್ಡಿ ಮಾಬೋ ತೀರ್ಪಿಗೆ ಕೆಲವು ತಿಂಗಳು ಮೊದಲೇ ತೀರಿಕೊಂಡಿದ್ದರು. ‘ಖಾಲಿ’ ಮರುಭೂಮಿ ಎಂದೇ ೧೯೫೬-೫೭ರಲ್ಲಿ ಬ್ರಿಟನ್ ಮಾರಲಿಂಗಾದಲ್ಲಿ ಏಳು ಪರಮಾಣು ಬಾಂಬುಗಳನ್ನು ಸಿಡಿಸಿತು. ಅದಕ್ಕೆ ಮುಂಚೆ ಅಲ್ಲಿನ ಜನರನ್ನು ಯಾಲಾಟಾಕ್ಕೆ ಸಾಗಿಸಲಾಗಿತ್ತು. ಮಾಬೋ ತೀರ್ಪು ಬಂದು ಇಪ್ಪತ್ಮೂರು ವರ್ಷದ ಮೇಲೆ ತೆರೆಕಂಡ ಸಿನಿಮಾ ಮತ್ತೆ ಅದೇ ಖಾಲಿ ನೆಲವನ್ನು ತೋರಿಸುತ್ತದೆ. ನ್ಯಾಯಾಲಯದಲ್ಲಿ ಸತ್ತ ಸುಳ್ಳು ಮಕ್ಕಳ ಸಿನಿಮಾದಲ್ಲಿ ಬದುಕಿಕೊಂಡಿತು.

೫

ಹಾಗಂತ ಈ ಚಿತ್ರವನ್ನು ಪೂರ್ತಿ ತಳ್ಳಿಹಾಕುವುದು ಸೋಮಾರಿತನವಾಗುತ್ತದೆ. ಇದರಲ್ಲಿ ಎರಡು ಸಂಗತಿಗಳು ಚಿತ್ರದ ಸಂಕಲ್ಪವನ್ನೂ ಮೀರಿ ನಿಂತಿವೆ.

ಮೊದಲನೆಯದು ಟಿಪ್. ಸಿನಿಮಾದಲ್ಲಿ ಅವಳು ಬಾರ್ಬಡೋಸ್ ದ್ವೀಪದಿಂದ ಬಂದವಳು. ಅವಳಿಗೆ ದನಿ ಕೊಟ್ಟ ಗಾಯಕಿ ರಿಹಾನಾ ಕೂಡ ಅಲ್ಲಿಯವರೇ. ಬಾರ್ಬಡೋಸ್ ಅಂದರೆ ೧೬೨೭ರಲ್ಲಿ ಇಂಗ್ಲಿಷರ ವಸಾಹತಾಗಿ, ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಜನರನ್ನು ಹಡಗು ತುಂಬಿ ತಂದ ನೆಲ. ಗುಲಾಮರನ್ನು ಹೇಗೆ ಹದ್ದುಬಸ್ತಿನಲ್ಲಿಡಬೇಕು ಎಂಬ ೧೬೬೧ರ ಕಾನೂನು ಹುಟ್ಟಿದ್ದು ಅಲ್ಲಿ. ಅದು ಇತರ ಇಂಗ್ಲಿಷ್ ವಸಾಹತುಗಳಿಗೂ ಮಾದರಿಯಾಯಿತು. ತಾಯಿಯಿಂದ ಮಗಳನ್ನು ಅಗಲಿಸಿ ಕಡಲಾಚೆ ಸಾಗಿಸಿದ ಚರಿತ್ರೆಯ ಕುಡಿ ಈ ಹುಡುಗಿ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ತಾಯಿಗಾಗಿ ಅವಳು ಅಳುವಾಗ ಆ ಅಳುವಿಗೆ ಒಂದು ಸಿನಿಮಾದ ಕಥೆಗಿಂತ ಹೆಚ್ಚು ವಯಸ್ಸಾಗಿದೆ ಅಂತ ನೋಡುವವರಿಗೆ ಅನ್ನಿಸುತ್ತದೆ.

ಎರಡನೆಯದು ಗಾರ್ಗ್. ಬೂವ್‌ಗಳ ಚರಿತ್ರೆಯಲ್ಲಿ ಗಾರ್ಗ್ ಅಂದರೆ ರಾಕ್ಷಸ, ಅಟ್ಟಿಸಿಕೊಂಡು ಬರುವ ಸರ್ವನಾಶ. ಕೊನೆಗೆ ತಿಳಿಯುವ ನಿಜ ಬೇರೆಯೇ. ಬೂವ್ ನಾಯಕ ಸ್ಮೆಕ್ ಅಧಿಕಾರದ ಲಾಂಛನವಾಗಿ ಕೋಲಿಗೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದ ಕಲ್ಲು ಗಾರ್ಗ್‌ನಿಂದ ಕದ್ದದ್ದು. ಅದರೊಳಗೆ ಇರುವುದು ಗಾರ್ಗ್ ಸಂತತಿಯ ಮುಂದಿನ ತಲೆಮಾರು. ರಾಕ್ಷಸ ಅಂದುಕೊಂಡದ್ದು ಮಕ್ಕಳನ್ನು ಕಳೆದುಕೊಂಡು ಹುಡುಕುತ್ತಿರುವ ಒಂಟಿ ಜೀವ. ಇದು ಪುಸ್ತಕದಲ್ಲಿಲ್ಲ, ಸಿನಿಮಾ ಸೇರಿಸಿದ್ದು. ಕದ್ದವರೇ ಚರಿತ್ರೆ ಬರೆದು, ಕಳೆದುಕೊಂಡವರನ್ನು ರಾಕ್ಷಸರನ್ನಾಗಿ ಮಾಡಿದ್ದಾರೆ ಎಂಬ ಮಾತನ್ನು ಇಷ್ಟು ಸರಳವಾಗಿ ಹೇಳಿದ ಜನಪ್ರಿಯ ಸಿನಿಮಾಗಳು ಹೆಚ್ಚಿಲ್ಲ. ೧೮೭೩ರಲ್ಲಿ ಜೋತಿಬಾ ಫುಲೆಯವರು ‘ಗುಲಾಮಗಿರಿ’ಯಲ್ಲಿ ಮಾಡಿದ್ದು ಇದೇ ಬಗೆಯ ಓದು. ಎಲ್ಲರೂ ಭಕ್ತಿಯಿಂದ ಕೇಳುತ್ತಿದ್ದ ಅವತಾರದ ಕಥೆಗಳನ್ನು ನೆಲ ಕಳೆದುಕೊಂಡ ಬಲಿಯ ಕಡೆಯಿಂದ ಅವರು ಓದಿದರು. ಗುಲಾಮರನ್ನು ಬಿಡುಗಡೆ ಮಾಡಿದ್ದಕ್ಕಾಗಿ ಅಮೆರಿಕದ ಸಜ್ಜನರಿಗೆ ಆ ಪುಸ್ತಕವನ್ನು ಅರ್ಪಿಸಿದರು. ಮೂರು ಹೆಜ್ಜೆ ನೆಲ ಕೇಳಿಕೊಂಡು ಬಂದ ಸೌಮ್ಯ ಅತಿಥಿಯ ಕಥೆ ಗೊತ್ತಿರುವವರಿಗೆ ‘ಸ್ನೇಹದ ದಾಳಿ’ ಹೊಸದಾಗಿ ಕಾಣುವುದಿಲ್ಲ.

ಆದರೆ ಇಲ್ಲಿಂದಾಚೆಗೆ ಸಿನಿಮಾ ಕಾಲು ಹಿಂದೆಗೆಯುತ್ತದೆ. ಓಹ್ ಕಲ್ಲು ಹಿಂತಿರುಗಿಸುತ್ತಾನೆ, ಗಾರ್ಗ್ ಶಾಂತವಾಗುತ್ತದೆ, ಮನುಷ್ಯರು ಮರಳಿ ಹೋಗುತ್ತಾರೆ, ಮುಗಿಯಿತು. ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಅವರೇ ಕಲ್ಲು ಕದ್ರು, ಅವರೇ ಹೆದರ್ಕೊಂಡು ಓಡಿ ಬಂದ್ರು, ಆಮೇಲೆ ಇವರ ಮನೇನೂ ಕಿತ್ಕೊಂಡ್ರು. ಕೊನೇಗೆ ಸಾರಿ ಅಂದ್ರೆ ಆಗೋಯ್ತಾ?’

ಈ ಪ್ರಶ್ನೆಗೆ ಚರಿತ್ರೆ ಕೊಟ್ಟಿರುವ ಉತ್ತರಗಳನ್ನು ನೋಡಬೇಕು. ೧೮೬೮ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಬ್ಲಾಕ್ ಹಿಲ್ಸ್ ಗುಡ್ಡಗಳು ಲಕೋಟಾ ಜನರಿಗೆ ಸೇರಿದ್ದು ಅಂತ ಅಮೆರಿಕ ಬರೆದುಕೊಟ್ಟಿತು. ಅಲ್ಲಿ ಚಿನ್ನ ಸಿಕ್ಕಿತು. ೧೮೭೭ರಲ್ಲಿ ಕಿತ್ತುಕೊಂಡಿತು. ರೆಕ್ಸನ ಕಿತ್ತಳೆ ಹಣ್ಣು ನೆನಪಿಸಿಕೊಳ್ಳಿ. ೧೯೮೦ರಲ್ಲಿ ಸುಪ್ರೀಂ ಕೋರ್ಟು ಇದು ಅನ್ಯಾಯವೆಂದು ಒಪ್ಪಿ ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಿಸಿತು. ಲಕೋಟಾಗಳು ಅದನ್ನು ಮುಟ್ಟಲಿಲ್ಲ. ಗುಡ್ಡ ಮಾರಾಟಕ್ಕಿರಲಿಲ್ಲ, ನಮಗೆ ಗುಡ್ಡವೇ ಬೇಕು ಅಂದರು. ಬಡ್ಡಿ ಸೇರಿ ಆ ಹಣ ನೂರು ಕೋಟಿ ಡಾಲರ್ ದಾಟಿದೆ. ಅವರಲ್ಲಿ ಬಡತನ ಇಲ್ಲದೆ ಇಲ್ಲ. ಆದರೂ ಹಣ ಹಾಗೇ ಇದೆ.

ಆಸ್ಟ್ರೇಲಿಯಾದಲ್ಲಿ ತಾಯಂದಿರಿಂದ ಕಿತ್ತುಕೊಂಡು ಸಾಗಿಸಿದ ಮೂಲನಿವಾಸಿ ಮಕ್ಕಳ ತಲೆಮಾರುಗಳಿಗೆ ೨೦೦೮ರ ಫೆಬ್ರವರಿ ೧೩ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದು ಬೇಕಾಗಿತ್ತು, ಅನೇಕರು ಅದನ್ನು ಕಣ್ಣೀರಿನಿಂದ ಕೇಳಿಸಿಕೊಂಡರು. ಹದಿನೈದು ವರ್ಷದ ಮೇಲೆ, ೨೦೨೩ರ ಅಕ್ಟೋಬರ್ ೧೪ರಂದು, ಸಂವಿಧಾನದಲ್ಲಿ ಅದೇ ಜನರ ದನಿಗೆ ಒಂದು ಜಾಗ ಕೊಡುವ ಪ್ರಶ್ನೆ ಜನಮತಕ್ಕೆ ಬಂದಾಗ ನೂರಕ್ಕೆ ಅರವತ್ತು ಮಂದಿ ‘ಬೇಡ’ ಅಂದರು. ಕ್ಷಮೆ ಕೇಳುವುದು ಸುಲಭವಾಗಿತ್ತು. ಮಾತಾಡಲು ಜಾಗ ಬಿಟ್ಟುಕೊಡುವುದು ಆಗಲಿಲ್ಲ.

ಆದ್ದರಿಂದ ‘ಹೋಮ್’ನಂಥ ಸಿನಿಮಾವನ್ನು ಮಕ್ಕಳಿಗೆ ತೋರಿಸಬೇಡಿ ಅನ್ನುವುದು ನನ್ನ ವಾದವಲ್ಲ. ತೋರಿಸಿ, ಜೊತೆಯಲ್ಲಿ ಕೂತು ನಗಿ. ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ. ಈ ಕಥೆಯನ್ನು ನಮಗೆ ಹೇಳಿದ್ದು ಯಾರು? ಆ ಊರು ಕಟ್ಟುವ ಮುಂಚೆ ಅಲ್ಲಿ ಯಾರಿದ್ದರು? ಈ ಎರಡು ಪ್ರಶ್ನೆ ಕೇಳಲು ಕಲಿತ ಮಗು 'ಮಾಯವಾದ' ಮುದುಕನನ್ನು ತಾನೇ ಹುಡುಕಿಕೊಳ್ಳುತ್ತದೆ. ನಮ್ಮ ಕೆಲಸ ಅದಕ್ಕೆ ದಾಖಲೆ ಒದಗಿಸುವುದು. ಚೆರೋಕೀಗಳ ಹದಿನೈದು ಸಾವಿರ ಹೆಸರುಗಳ ಅರ್ಜಿ, ವೈಬಲೆನ್ನಾದವರು ರಾಣಿಗೆ ಬರೆದ ಅರ್ಜಿ, ಇವು ಸಾಹಿತ್ಯ ಚರಿತ್ರೆಯೊಳಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ. ಅನ್ಯಗ್ರಹದವರ ದಾಳಿಯ ಕಥೆಗಳ ಪಠ್ಯಕ್ರಮ ಮಾಡುವವರು ವೆಲ್ಸನಿಗಿಂತ ಮೊದಲು ಈ ಅರ್ಜಿಗಳಿಂದ ಪಾಠ ಶುರುಮಾಡಲಿ.